ಹುಡುಗನ ಮೊಣಕಾಲು, ಹಿರಿಯರ ಆಸೆ

ಕಳೆದ ಆಷಾಢದ ಒಂದು ಸಂಜೆ ನನ್ನ ಹಳೆಯ ಸ್ನೇಹಿತರೊಬ್ಬರು ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹೊರಗೆ ಜಿಟಿಜಿಟಿ ಮಳೆ. ಆಟೋದಿಂದ ಇಳಿದು ನಮ್ಮ ಮನೆಯ ಮೂರು ಮೆಟ್ಟಿಲು ಹತ್ತುವುದಕ್ಕೆ ಹುಡುಗನಿಗೆ ಐದು ನಿಮಿಷ ಹಿಡಿಯಿತು. ಎರಡು ಕಂಕುಳಲ್ಲೂ ಊರುಗೋಲು. ಎಡ ಮೊಣಕಾಲಿಗೆ ದಪ್ಪನಾದ ಪಟ್ಟಿ. ಹದಿನೇಳು ವರ್ಷದವನು. ಅವನು ಹಾಕಿ ಕೋಲು ಹಿಡಿದು ಮೈದಾನಕ್ಕೆ ಇಳಿದರೆ ನೋಡುತ್ತ ಕುಳಿತವರು ಕೈಯಲ್ಲಿದ್ದ ಕಡಲೆಕಾಯಿಯನ್ನು ಮರೆಯುತ್ತಿದ್ದರು, ಅಂಥ ಆಟ. ಅಭ್ಯಾಸದ ಪಂದ್ಯದಲ್ಲಿ ಸರಕ್ಕನೆ ತಿರುಗುವಾಗ ಪಾದ ನೆಲದಲ್ಲಿ ನಿಂತು ಮೊಣಕಾಲು ಮಾತ್ರ ತಿರುಚಿಕೊಂಡಿತ್ತಂತೆ.

ಕಾಫಿ ಬಂತು. ಕಾಫಿಯ ಲೋಟ ಕೆಳಗಿಡುವ ಮೊದಲೇ ಸ್ನೇಹಿತರು ವಿಷಯಕ್ಕೆ ಬಂದರು.

“ಮೇಷ್ಟ್ರೇ, ಇನ್ನು ಐದು ವಾರಕ್ಕೆ ಆಯ್ಕೆಯ ಶಿಬಿರ. ಡಾಕ್ಟರು ಆರು ತಿಂಗಳು ಅಂತಾರೆ. ಡಾಕ್ಟರುಗಳು ಹಾಗೇ ಅಲ್ಲವೆ, ಎಲ್ಲಕ್ಕೂ ಆರು ತಿಂಗಳು! ಪಟ್ಟಿ ಬಿಗಿದುಕೊಂಡು ಒಂದರ್ಧ ಗಂಟೆ ಆಡಿದರೆ ಸಾಕು, ಆಯ್ಕೆ ಮಾಡುವವರ ಕಣ್ಣಿಗೆ ಬೀಳುತ್ತಾನೆ. ಕಾಲೇಜಿನ ಕ್ರೀಡಾ ಕೋಟಾದ ಸೀಟು ಅದರ ಮೇಲೆಯೇ ನಿಂತಿದೆ. ಇವನು ನಿಮ್ಮ ಮಾತು ಕೇಳುತ್ತಾನೆ. ಒಂದಿಷ್ಟು ಧೈರ್ಯ ಹೇಳಿ.”

ಹುಡುಗ ತಲೆ ತಗ್ಗಿಸಿಕೊಂಡು ಊರುಗೋಲಿನ ರಬ್ಬರನ್ನು ಉಗುರಿನಿಂದ ಕೀಳುತ್ತಿದ್ದ.

ಧೈರ್ಯ ಹೇಳುವುದೇನು ಕಷ್ಟವಲ್ಲ. ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿದವನು ನಾನು. ಜೊತೆಗೆ ಶಾಲೆಯ ಹಾಕಿ ತಂಡದ ಉಸ್ತುವಾರಿಯನ್ನೂ ಹೊತ್ತವನು. ಯುದ್ಧಕ್ಕೆ ಹೊರಟವರಿಗೆ ಹಿಂದಿನಿಂದ ಧೈರ್ಯ ಹೇಳಿದವರ ಕಥೆ ಚರಿತ್ರೆಯಲ್ಲಿ ಬೇಕಾದಷ್ಟಿದೆ. ಆ ಸಂಜೆ ನನಗೆ ಧೈರ್ಯದ ಮಾತು ಬಾಯಿಗೆ ಬರಲಿಲ್ಲ. ಅದರ ಬದಲು ಆ ತಂದೆ ಮಗನಿಗೆ ಇನ್ನೊಬ್ಬ ಹುಡುಗನ ಎಡ ಮೊಣಕಾಲಿನ ಚರಿತ್ರೆಯನ್ನು ಹೇಳಿದೆ. ಅಂಥ ತಂದೆ, ಅಂಥ ಮಗ ಊರೂರಿನಲ್ಲೂ ಇರುವುದರಿಂದ ವಾಚಕರ ಮುಂದೆಯೂ ಅದನ್ನು ಇಡುತ್ತಿದ್ದೇನೆ.

*

ಆ ಹುಡುಗ ಆಡಿದ್ದು ನಮ್ಮ ಹಾಕಿಯಲ್ಲ, ಕೆನಡಾದವರ ಹಾಕಿ. ನನ್ನ ಹಳೆಯ ಶಿಷ್ಯನೊಬ್ಬ ಟೊರಾಂಟೋದಲ್ಲಿ ನೆಲೆಸಿದ್ದಾನೆ. ಕೆಲವು ವರ್ಷಗಳ ಹಿಂದೆ ಅವನ ಮನೆಯಲ್ಲಿ ಒಂದು ಚಳಿಗಾಲ ಕಳೆದೆ. ಆ ದೇಶದಲ್ಲಿ ‘ಹಾಕಿ’ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ನಮ್ಮದನ್ನು ಅವರು ‘ಮೈದಾನದ ಹಾಕಿ’ ಎಂದು ಬೇರೆಯಾಗಿ ಕರೆಯುತ್ತಾರೆ. ಒಂದೊಂದು ಕಡೆ ಆರು ಮಂದಿ. ಕಾಲಿಗೆ ಉಕ್ಕಿನ ಅಲಗಿನ ಸ್ಕೇಟು. ಚೆಂಡಿನ ಬದಲು ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಅಂಗಣದ ಸುತ್ತ ಎದೆಮಟ್ಟದ ತಡೆಗೋಡೆ. ಪಕ್ ಹಿಡಿದವನನ್ನು ಮೈಯಿಂದ ಗುದ್ದಿ ಆ ಗೋಡೆಗೆ ಅಪ್ಪಳಿಸುವುದು ಅಲ್ಲಿ ತಪ್ಪಲ್ಲ, ಆಟದ ನಿಯಮಕ್ಕೆ ಒಳಪಟ್ಟದ್ದೇ.

ಶಿಷ್ಯನ ಮಗನನ್ನು ಅಭ್ಯಾಸಕ್ಕೆ ಬಿಡಲು ನಾನೂ ಬೆಳಗಿನ ಜಾವ ಹೋಗುತ್ತಿದ್ದೆ. ಇನ್ನೂ ಕತ್ತಲು. ಗಾಜಿನ ಈಚೆ ತಂದೆಯರು ಸಾಲಾಗಿ ನಿಂತು, ಕಾಫಿ ಹಿಡಿದುಕೊಂಡು, ಏಳೆಂಟು ವರ್ಷದ ಮಕ್ಕಳನ್ನು ನೋಡುತ್ತಿದ್ದರು. ಸಂಗೀತದ ಪಾಠಕ್ಕೆ ಮಗಳನ್ನು ಕರೆತಂದು ಹೊರಗೆ ಕಾಯುತ್ತ ಕುಳಿತ ನಮ್ಮೂರಿನ ತಾಯಂದಿರ ಮುಖ ನೆನಪಾಯಿತು. ಆಸೆಗೆ ದೇಶಭೇದವಿಲ್ಲ. ಅಲ್ಲಿಯ ತಂದೆಯರ ಬಾಯಲ್ಲಿ ಮತ್ತೆ ಮತ್ತೆ ಕೇಳಿದ ಹೆಸರು ಬಾಬಿ ಓರ್. ಶಿಷ್ಯನ ಮನೆಯ ಪುಸ್ತಕಗಳಲ್ಲಿ ಅವನ ಕಥೆಯನ್ನು ಹುಡುಕಿ ಓದಿದ್ದು ಹಾಗೆ.

*

ರಾಬರ್ಟ್ ಓರ್ ಹುಟ್ಟಿದ್ದು ೧೯೪೮ರ ಮಾರ್ಚ್ ೨೦ರಂದು, ಒಂಟಾರಿಯೋ ಪ್ರಾಂತದ ಪ್ಯಾರಿ ಸೌಂಡ್ ಎಂಬ ಸಣ್ಣ ಊರಿನಲ್ಲಿ. ಹ್ಯೂರನ್ ಮಹಾಸರೋವರದ ಒಂದು ಕೊಲ್ಲಿಯ ದಂಡೆಯ ಊರು ಅದು. ಚಳಿಗಾಲ ಬಂತೆಂದರೆ ನೀರೆಲ್ಲ ಹೆಪ್ಪುಗಟ್ಟಿ ಆಟದ ಬಯಲಾಗುತ್ತದೆ. ತಂದೆ ಡಗ್ ಓರ್ ಸ್ಫೋಟಕಗಳ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು. ತಾರುಣ್ಯದಲ್ಲಿ ತಾನೂ ಒಳ್ಳೆಯ ಆಟಗಾರನೆನಿಸಿಕೊಂಡು, ಯುದ್ಧ ಬಂದಾಗ ಆಟವನ್ನು ಬಿಟ್ಟು ನೌಕಾಪಡೆಗೆ ಸೇರಿದವನು. ತನ್ನ ಕೈತಪ್ಪಿದ್ದು ಮಗನ ಕೈಗೆ ಸಿಗಲಿ ಎಂದು ಯಾವ ತಂದೆ ತಾನೆ ಬಯಸುವುದಿಲ್ಲ?

೧೯೬೧ರ ವಸಂತದಲ್ಲಿ ಗ್ಯಾನನಾಕ್ವೆ ಎಂಬ ಊರಿನಲ್ಲಿ ಬಾಲಕರ ಪಂದ್ಯಾವಳಿ. ಅಮೆರಿಕದ ಬಾಸ್ಟನ್ ಬ್ರೂಯಿನ್ಸ್ ತಂಡದ ಹಿರಿಯರು ಬೇರೆ ಇಬ್ಬರು ಹುಡುಗರನ್ನು ನೋಡಿ ಹೋಗಲು ಅಲ್ಲಿಗೆ ಬಂದಿದ್ದರು. ಬಂದವರು ಆ ಇಬ್ಬರನ್ನು ಮರೆತರು. ಅಂಗಣದಲ್ಲಿ ಎಲ್ಲರಿಗಿಂತ ಚಿಕ್ಕವನಂತೆ ಕಾಣುತ್ತಿದ್ದ ಈ ಹದಿಮೂರು ವರ್ಷದ ಹುಡುಗನ ಕೋಲಿನಿಂದ ಪಕ್ ಕಸಿಯಲು ಯಾರಿಂದಲೂ ಆಗುತ್ತಿರಲಿಲ್ಲ.

ಆಗ ನ್ಯಾಷನಲ್ ಹಾಕಿ ಲೀಗಿನಲ್ಲಿ ಇದ್ದದ್ದು ಆರೇ ತಂಡ. ‘ಸಿ ನಮೂನೆ’ ಎಂಬ ಒಂದು ಕಾಗದವಿತ್ತು. ಅದಕ್ಕೆ ರುಜು ಬಿತ್ತೆಂದರೆ ಆ ಹುಡುಗನ ಮುಂದಿನ ವೃತ್ತಿಜೀವನ ಆ ತಂಡಕ್ಕೆ ಸೇರಿತು. ಹುಡುಗ ಅಪ್ರಾಪ್ತ ವಯಸ್ಕನಾದರೆ ತಂದೆತಾಯಿಗಳ ಒಪ್ಪಿಗೆ ಸಾಕು. ಬಾಸ್ಟನ್ನಿನವರು ಒಂದೂವರೆ ವರ್ಷ ಪ್ಯಾರಿ ಸೌಂಡಿಗೆ ಎಡತಾಕಿದರು. ಊರಿನ ಬಾಲಕರ ಹಾಕಿಗೆ ಧನಸಹಾಯ ಕೊಟ್ಟರು. ಕೊನೆಗೆ ೧೯೬೨ರಲ್ಲಿ, ಹುಡುಗನಿಗೆ ಹದಿನಾಲ್ಕು ವರ್ಷವಾಗಿದ್ದಾಗ, ರುಜು ಬಿತ್ತು. ಪ್ರತಿಯಾಗಿ ಸಿಕ್ಕಿದ್ದರಲ್ಲಿ ಸ್ವಲ್ಪ ಹಣದ ಜೊತೆಗೆ ಮನೆಯ ಹೊರಗೋಡೆಗೆ ಗಾರೆ ಮಾಡಿಸಿಕೊಡುವ ಮಾತೂ ಒಂದು. ಇದನ್ನು ಓದಿದಾಗ ನನಗೆ ನಗುವೂ ಬಂತು, ಮರುಕವೂ ಆಯಿತು. ಚಳಿಗಾಳಿಗೆ ಬಿರುಕುಬಿಟ್ಟ ಗೋಡೆ ಕಾರ್ಖಾನೆಯ ಕೆಲಸಗಾರನಿಗೆ ಸಣ್ಣ ಚಿಂತೆಯೇನಲ್ಲ.

ಹದಿನಾಲ್ಕರ ಹುಡುಗ ಇಪ್ಪತ್ತರ ತನಕದ ತರುಣರೊಡನೆ ಓಷಾವಾ ಊರಿನ ತಂಡದಲ್ಲಿ ಆಡತೊಡಗಿದ. ಮೊದಲ ವರ್ಷ ತಾಯಿ ಅವನನ್ನು ಮನೆಯಿಂದ ಕಳುಹಿಸಲು ಒಪ್ಪಲಿಲ್ಲ. ಹಾಗಾಗಿ ಪಂದ್ಯವಿದ್ದಾಗಲೆಲ್ಲ ಹಿಮದ ದಾರಿಯಲ್ಲಿ ಮೂರು ಗಂಟೆ ಕಾರಿನಲ್ಲಿ ಹೋಗಿ, ಆಡಿ, ಮತ್ತೆ ಮೂರು ಗಂಟೆ ಹಿಂದಕ್ಕೆ. ಹದಿನಾರಕ್ಕೆ ಮ್ಯಾಕ್ಲೀನ್ಸ್ ಎಂಬ ದೊಡ್ಡ ಪತ್ರಿಕೆಯ ಮುಖಪುಟದಲ್ಲಿ ಅವನ ಚಿತ್ರ ಬಂತು. ಬಾಸ್ಟನ್ನಿನ ಜನ ಆ ಚಿತ್ರವನ್ನು ದೇವರ ಪಟದ ಹಾಗೆ ನೋಡಿದರು. ಅವರ ತಂಡ ೧೯೫೯ರ ನಂತರ ಅಂತಿಮ ಹಂತದ ಪಂದ್ಯಗಳ ಮುಖವನ್ನೇ ಕಂಡಿರಲಿಲ್ಲ. ಐದು ವರ್ಷ ಒಂದೇ ಸಮನೆ ಆರರಲ್ಲಿ ಆರನೆಯ ಸ್ಥಾನ. “ತಡೆಯಿರಿ, ಓರ್ ಬರಲಿ” ಎಂಬುದೇ ಆ ಊರಿನವರ ಸಮಾಧಾನ. ಇನ್ನೂ ಗಡ್ಡ ಬಾರದ ಹುಡುಗನೊಬ್ಬ ತನಗೆ ಅರಿವಿಲ್ಲದೆಯೇ ಒಂದು ಪಟ್ಟಣದ ಸಾಲಕ್ಕೆ ಜಾಮೀನಾಗಿ ನಿಂತಿದ್ದ.

ಮೊದಲ ಎಚ್ಚರಿಕೆ ೧೯೬೬ರ ವಸಂತದಲ್ಲೇ ಬಂತು. ಓಷಾವಾ ತಂಡ ಕಿರಿಯರ ಮೆಮೋರಿಯಲ್ ಕಪ್ಪಿನ ಅಂತಿಮ ಸರಣಿಗೆ ತಲುಪಿತ್ತು. ಹುಡುಗನ ತೊಡೆಸಂದಿಗೆ ಪೆಟ್ಟಾಗಿತ್ತು. ಆಡಬೇಡ ಎಂದರು ಬಾಸ್ಟನ್ನಿನವರು. ಅವರಿಗೆ ತಮ್ಮ ಸೊತ್ತಿನ ಚಿಂತೆ. ಆಡುತ್ತೇನೆ ಎಂದ ಹುಡುಗ. ಅವನಿಗೆ ತನ್ನ ಗೆಳೆಯರ ಚಿಂತೆ. ಆಡಿದ. ಕಾಲು ಕೇಳಲಿಲ್ಲ. ತಂಡ ಎಡ್ಮಂಟನ್ನಿನವರಿಗೆ ಸೋತಿತು.

*

ಹದಿನೆಂಟು ತುಂಬಿದ ಓರ್ ಆ ವರ್ಷವೇ ಬಾಸ್ಟನ್ನಿಗೆ ಬಂದ. ಒಂದೂವರೆ ತಿಂಗಳಾಗಿತ್ತು. ೧೯೬೬ರ ಡಿಸೆಂಬರ್ ೪ರಂದು ಟೊರಾಂಟೋ ತಂಡದ ಅನುಭವಿ ಆಟಗಾರ ಮಾರ್ಸೆಲ್ ಪ್ರೊನೊವೋ ಅವನನ್ನು ತಡೆಗೋಡೆಗೆ ಅಪ್ಪಳಿಸಿದ. ಪ್ರೊನೊವೋ ಮಾಡಿದ್ದು ಮೋಸವಲ್ಲ, ಆಟವೇ ಹಾಗೆ. ಎಡ ಮೊಣಕಾಲಿಗೆ ಪೆಟ್ಟಾಯಿತು. ಹುಡುಗ ಒಂಬತ್ತು ಪಂದ್ಯ ಬಿಟ್ಟ. ಮತ್ತೆ ಬಂದು ಆಡಿದ. ವರ್ಷದ ಕೊನೆಗೆ ಹೊಸಬರಲ್ಲಿ ಶ್ರೇಷ್ಠನೆಂದು ಕಾಲ್ಡರ್ ಪಾರಿತೋಷಕ ಸಿಕ್ಕಿತು.

ತಂಡ ಏನಾಯಿತು? ಮತ್ತೆ ಆರನೆಯ ಸ್ಥಾನ! ಚರಿತ್ರೆಯಲ್ಲಿ ನನಗೆ ಬಹು ಪ್ರಿಯವಾದ ಸಂಗತಿ ಇದು. ಉದ್ಧಾರಕ ಬಂದ, ಬಂದವನು ನಿಜವಾಗಿಯೂ ಅದ್ಭುತ ಆಟಗಾರ, ಆದರೂ ತಂಡ ಕಟ್ಟಕಡೆಯಲ್ಲೇ ಉಳಿಯಿತು. ಒಬ್ಬ ಹುಡುಗನಿಂದ ಒಂದು ಊರಿನ ಹಣೆಬರಹ ಒಂದು ವರ್ಷದಲ್ಲಿ ಬದಲಾಗುವುದಿಲ್ಲವೆಂದು ಬಾಸ್ಟನ್ನಿನ ಜನ ಆಗಲೇ ಕಲಿಯಬಹುದಾಗಿತ್ತು. ಕಲಿಯಲಿಲ್ಲ, ಬರುವ ವರ್ಷಕ್ಕೆ ಇಮ್ಮಡಿ ಆಸೆ ಇಟ್ಟುಕೊಂಡರು. ಎರಡನೆಯ ವರ್ಷ ಮುರಿದ ಕೊರಳೆಲುಬು, ಭುಜದ ನೋವು, ಎಡ ಮೊಣಕಾಲಿಗೆ ಶಸ್ತ್ರಚಿಕಿತ್ಸೆ. ೭೪ ಪಂದ್ಯಗಳಲ್ಲಿ ಅವನು ಆಡಿದ್ದು ೪೬ ಮಾತ್ರ. ಆ ನಲವತ್ತಾರರಲ್ಲೇ ಲೀಗಿನ ಶ್ರೇಷ್ಠ ರಕ್ಷಕ ಆಟಗಾರನೆಂಬ ನಾರಿಸ್ ಪಾರಿತೋಷಕ ಗೆದ್ದ. ಇದೂ ಒಂದು ದುರದೃಷ್ಟವೇ ಎನ್ನುತ್ತೇನೆ. ಕುಂಟುತ್ತ ಆಡಿದರೂ ಎಲ್ಲರಿಗಿಂತ ಮೇಲಾಗಿ ಆಡುವ ಹುಡುಗನಿಗೆ “ವಿಶ್ರಾಂತಿ ತೆಗೆದುಕೋ ಮಗು” ಎಂದು ಹೇಳುವ ಮನಸ್ಸು ಯಾರಿಗೆ ಬಂದೀತು?

*

ಇಲ್ಲಿ ಮೊಣಕಾಲಿನ ವಿಷಯವನ್ನು ಸ್ವಲ್ಪ ಹೇಳಬೇಕು. ತೊಡೆಯ ಎಲುಬು ಕಣಕಾಲಿನ ಎಲುಬಿನ ಮೇಲೆ ಕೂರುವ ಜಾಗದಲ್ಲಿ, ಬೀಸುವ ಕಲ್ಲಿನ ಎರಡು ಹೋಳುಗಳು ಒಂದನ್ನೊಂದು ಸವೆಸದಂತೆ, ದೇವರು ಎರಡು ಅರ್ಧಚಂದ್ರಾಕಾರದ ಮೆತ್ತೆಗಳನ್ನು ಇಟ್ಟಿದ್ದಾನೆ. ವೈದ್ಯರು ಅವನ್ನು ಮೆನಿಸ್ಕಸ್ ಎನ್ನುತ್ತಾರೆ. ಮೈಯ ಭಾರವನ್ನು ಹರಡುವುದು, ಕುಪ್ಪಳಿಸಿದಾಗ ಪೆಟ್ಟನ್ನು ನುಂಗುವುದು ಅವುಗಳ ಕೆಲಸ. ಅವುಗಳ ಒಳಭಾಗಕ್ಕೆ ರಕ್ತದ ಸಂಚಾರವಿಲ್ಲ. ಆದ್ದರಿಂದ ಅಲ್ಲಿ ಹರಿದರೆ ತಾನಾಗಿ ಕೂಡುವುದು ಕಷ್ಟ. ಕತ್ತರಿಸಿ ತೆಗೆದರೆ ಮೊದಲಿನಂತೆ ಮತ್ತೆ ಬೆಳೆಯುವುದಿಲ್ಲ.

ಆ ಕಾಲದ ಶಸ್ತ್ರವೈದ್ಯರ ಪದ್ಧತಿ ಮೊಣಕಾಲನ್ನು ಅಗಲವಾಗಿ ಕೊಯ್ದು ಹರಿದ ಮೆತ್ತೆಯನ್ನು ತೆಗೆದುಬಿಡುವುದು. ನೋವು ಹೋಗುತ್ತಿತ್ತು, ಆಟಗಾರ ಕೆಲವು ವಾರಗಳಲ್ಲಿ ಓಡುತ್ತಿದ್ದ, ಎಲ್ಲರಿಗೂ ಸಂತೋಷ. ಆದರೆ ಫೇರ್‌ಬ್ಯಾಂಕ್ ಎಂಬ ಇಂಗ್ಲಿಷ್ ವೈದ್ಯರು ಹೀಗೆ ಮೆತ್ತೆ ತೆಗೆಸಿಕೊಂಡವರ ಮೊಣಕಾಲುಗಳ ಎಕ್ಸ್‌ರೇ ಚಿತ್ರಗಳನ್ನು ಪರಿಶೀಲಿಸಿ, ಕೀಲು ಕ್ರಮೇಣ ರೂಪ ಬದಲಿಸಿ ಸವೆಯುತ್ತದೆಂದು ಬರೆದಿದ್ದರು. ಆ ಲೇಖನ ಅಚ್ಚಾದ ವರ್ಷ ೧೯೪೮. ಓರ್ ಹುಟ್ಟಿದ ವರ್ಷವೇ! ಹುಡುಗ ತೊಟ್ಟಿಲಲ್ಲಿದ್ದಾಗಲೇ ಅವನ ಮೊಣಕಾಲಿನ ಭವಿಷ್ಯ ಒಂದು ವೈದ್ಯಪತ್ರಿಕೆಯಲ್ಲಿ ಅಚ್ಚಾಗಿತ್ತು.

ಇನ್ನೊಂದು ಸಂಗತಿ ಕೇಳಿ. ೧೯೬೨ರಲ್ಲಿ ಟೋಕಿಯೋದ ವೈದ್ಯ ಮಸಾಕಿ ವಾತಾನಾಬೆ ಒಂದು ಸಣ್ಣ ರಂಧ್ರದ ಮೂಲಕ ದೀಪವಿರುವ ನಳಿಗೆಯನ್ನು ಮೊಣಕಾಲಿನೊಳಕ್ಕೆ ತೂರಿಸಿ, ಕಣ್ಣಿಂದ ಕಂಡು, ಹರಿದ ತುಣುಕನ್ನಷ್ಟೇ ತೆಗೆದು ಉಳಿದ ಮೆತ್ತೆಯನ್ನು ಕಾಪಾಡಿದರು. ೧೯೬೪ರಲ್ಲಿ ಅದೇ ಟೋಕಿಯೋದಲ್ಲಿ ಒಲಿಂಪಿಕ್ಸ್. ನಮ್ಮ ಹಾಕಿ ತಂಡ ಪಾಕಿಸ್ತಾನವನ್ನು ಒಂದು ಗೋಲಿನಿಂದ ಸೋಲಿಸಿ ಕಳೆದುಕೊಂಡಿದ್ದ ಚಿನ್ನವನ್ನು ಮರಳಿ ಪಡೆದ ಒಲಿಂಪಿಕ್ಸ್ ಅದು. ವಾಚಕರಲ್ಲಿ ಹಿರಿಯರಿಗೆ ರೇಡಿಯೋದ ಮುಂದೆ ಕುಳಿತ ನೆನಪಿದ್ದೀತು. ಆ ಸಮಯದಲ್ಲಿ ಕೆನಡಾದ ಆಟಗಾರರ ವೈದ್ಯರಾಗಿಯೂ ಇದ್ದ ರಾಬರ್ಟ್ ಜ್ಯಾಕ್ಸನ್ ಎಂಬ ತರುಣ ವಾತಾನಾಬೆಯವರ ಬಳಿ ಈ ವಿದ್ಯೆಯನ್ನು ಕಲಿತು ಟೊರಾಂಟೋಗೆ ತಂದರು.  ಆದರೆ ಆಗ ಹೆಚ್ಚಿನ ವೈದ್ಯರಿಗೆ ಆ ನಳಿಗೆಯಲ್ಲಿ ನಂಬಿಕೆಯಿರಲಿಲ್ಲ; ಅದು ರೂಢಿಗೆ ಬಂದದ್ದು ಎಪ್ಪತ್ತರ ದಶಕದಲ್ಲಿ. ಅಷ್ಟರಲ್ಲಿ ಓರ್‌ನ ಮೊಣಕಾಲನ್ನು ಮತ್ತೆ ಮತ್ತೆ ಕೊಯ್ದಾಗಿತ್ತು. ಅವನ ವೈದ್ಯರನ್ನು ನಾನು ದೂರುವುದಿಲ್ಲ. ತಮ್ಮ ಕಾಲಕ್ಕೆ ಗೊತ್ತಿದ್ದುದನ್ನು ಅವರು ಮಾಡಿದರು. ಆದರೆ “ಇನ್ನು ಕೆಲವು ವರ್ಷ ತಡೆದರೆ ಹೊಸ ಉಪಾಯ ಬಂದೀತು” ಎಂಬ ಯೋಚನೆಗೆ ಪಂದ್ಯಗಳ ವೇಳಾಪಟ್ಟಿಯಲ್ಲಿ ಸ್ಥಳವಿರಲಿಲ್ಲ.

*

ಪೆಟ್ಟು ನೋಡಿ ಭವಿಷ್ಯ ಹೇಳುವವರಿಗೆ ಚರಿತ್ರೆ ಇನ್ನೊಂದು ಕಪಾಳಮೋಕ್ಷವನ್ನೂ ಇಟ್ಟಿದೆ. ಅದು ಗಾರ್ಡಿ ಹೋ ಎಂಬವನ ಕಥೆ. ೧೯೫೦ರ ಮಾರ್ಚ್ ೨೮ರಂದು, ಇಪ್ಪತ್ತೆರಡು ತುಂಬಲು ಮೂರು ದಿನ ಇದ್ದಾಗ, ಡೆಟ್ರಾಯಿಟ್ ತಂಡದ ಈ ತರುಣ ಎದುರಾಳಿಯನ್ನು ಗುದ್ದಲು ಹೋಗಿ ತಾನೇ ತಡೆಗೋಡೆಗೆ ತಲೆ ಹೊಡೆದುಕೊಂಡ. ತಲೆಬುರುಡೆ ಬಿರಿಯಿತು. ಮಿದುಳಿನ ಮೇಲಿನ ಒತ್ತಡ ಇಳಿಸಲು ವೈದ್ಯರು ರಾತ್ರೋರಾತ್ರಿ ಬುರುಡೆಗೆ ರಂಧ್ರ ಕೊರೆದರು. ಜೀವ ಉಳಿಯುತ್ತದೋ ಇಲ್ಲವೋ ಎಂದು ದೂರದ ಸಾಸ್ಕಟೂನಿನಿಂದ ತಾಯಿಯನ್ನು ಕರೆಸಿದರು. ಆಟದ ಮಾತನ್ನು ಯಾರೂ ಎತ್ತಲಿಲ್ಲ.

ಜೀವ ಉಳಿಯಿತು. ಮಾರನೆಯ ಋತುವಿನಲ್ಲಿ ಆತ ೭೦ಕ್ಕೆ ೭೦ ಪಂದ್ಯಗಳನ್ನೂ ಆಡಿ, ೮೬ ಅಂಕ ಗಳಿಸಿ, ಇಡೀ ಲೀಗಿಗೆ ಮೊದಲಿಗನಾದ. ಅಷ್ಟಕ್ಕೇ ನಿಲ್ಲಲಿಲ್ಲ, ನಡುವೆ ಒಮ್ಮೆ ನಿವೃತ್ತನಾಗಿ ಮತ್ತೆ ಬಂದು, ೧೯೮೦ರಲ್ಲಿ ಐವತ್ತೆರಡನೆಯ ವಯಸ್ಸಿನ ತನಕ ಆಡಿದ. ತಲೆ ಒಡೆದವನು ಮೂವತ್ತು ವರ್ಷ ಆಡಿದ. ‘ಬರೀ ಮೊಣಕಾಲು’ ಎನಿಸಿಕೊಂಡವನು ಮೂವತ್ತನೆಯ ವಯಸ್ಸಿಗೆ ಮುಗಿಸಿದ. ಹೀಗಿರುವಾಗ “ಇವನ ಆಟ ಮುಗಿಯಿತು” ಎನ್ನುವವನೂ, “ಏನೂ ಆಗುವುದಿಲ್ಲ, ಎದ್ದು ಆಡು” ಎನ್ನುವವನೂ ಒಂದೇ ಅಜ್ಞಾನದ ಎರಡು ನಾಲಿಗೆಗಳು.

ಹೋನನ್ನು ಕಾಪಾಡಿದ್ದರಲ್ಲಿ ಅದೃಷ್ಟದ ಪಾಲು ದೊಡ್ಡದು. ಇನ್ನೊಂದು ಪಾಲೂ ಇದೆಯೆಂದು ನನಗೆ ತೋರುತ್ತದೆ. ತಲೆಯ ಪೆಟ್ಟನ್ನು ಕಂಡು ಎಲ್ಲರೂ ಹೆದರಿದರು, ಹೆದರಿದ್ದರಿಂದ ಬಿಟ್ಟುಕೊಟ್ಟರು. ಆ ವರ್ಷದ ಕಪ್ಪನ್ನು ತಂಡ ಅವನಿಲ್ಲದೆಯೇ ಆಡಿ ಗೆದ್ದಿತು. ಮೊಣಕಾಲಿಗೆ ಯಾರೂ ಹೆದರಲಿಲ್ಲ.

*

ಓರ್‌ನ ವೈಭವದ ವರ್ಷಗಳನ್ನು ಬೇಗ ದಾಟುತ್ತೇನೆ. ಅವು ಎಲ್ಲರಿಗೂ ತಿಳಿದವು. ೧೯೬೮ರಿಂದ ೧೯೭೫ರವರೆಗೆ ಎಂಟು ವರ್ಷ ಎಡೆಬಿಡದೆ ನಾರಿಸ್ ಪಾರಿತೋಷಕ. ೧೯೭೦ರಲ್ಲಿ ೧೨೦ ಅಂಕ. ರಕ್ಷಕ ಆಟಗಾರನೊಬ್ಬ ಲೀಗಿನ ಅಂಕಪಟ್ಟಿಯ ತುದಿಗೇರಿದ್ದು ಅದೇ ಮೊದಲು. ಅದೇ ವರ್ಷ ಮೇ ೧೦ರಂದು ಗೆಲುವಿನ ಗೋಲು ಹೊಡೆದು, ಎದುರಾಳಿಯ ಕೋಲಿಗೆ ತೊಡರಿ ಗಾಳಿಯಲ್ಲಿ ಹಾರಿದ ಅವನ ಛಾಯಾಚಿತ್ರ ಇಂದಿಗೂ ಕೆನಡಾದ ಮನೆಗಳ ಗೋಡೆಯ ಮೇಲಿದೆ. ಬಾಸ್ಟನ್ನಿಗೆ ೨೯ ವರ್ಷದ ಮೇಲೆ ಸ್ಟ್ಯಾನ್ಲಿ ಕಪ್ ಬಂತು, ೧೯೭೨ರಲ್ಲಿ ಇನ್ನೊಮ್ಮೆ. ಜನರ ಆಸೆ ಈಡೇರಿತು, ಸಾಲ ಬಡ್ಡಿಸಮೇತ ತೀರಿತು.

ತೀರಿಸಿದ್ದು ಮೊಣಕಾಲು. ೧೯೭೨ರ ಬೇಸಿಗೆಯಲ್ಲಿ ಮತ್ತೆ ಶಸ್ತ್ರಚಿಕಿತ್ಸೆ. ಆ ಸೆಪ್ಟೆಂಬರಿನಲ್ಲಿ ಕೆನಡಾಕ್ಕೂ ಸೋವಿಯತ್ ರಷ್ಯಕ್ಕೂ ನಡೆದ ಸುಪ್ರಸಿದ್ಧ ಎಂಟು ಪಂದ್ಯಗಳ ಸರಣಿಯಲ್ಲಿ, ದೇಶವೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದಾಗ, ಅವನು ತಂಡದ ಜೊತೆಯಲ್ಲಿದ್ದರೂ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ೧೯೭೫ರ ಶರತ್ಕಾಲದಿಂದ ಒಂದರ ಹಿಂದೆ ಒಂದು ಕೊಯ್ತ. ಆ ಋತುವಿನಲ್ಲಿ ಆಡಿದ್ದು ಹತ್ತೇ ಪಂದ್ಯ. ಮೆತ್ತೆ ಹೋಗಿ ಎಲುಬಿಗೆ ಎಲುಬು ಉಜ್ಜುತ್ತಿತ್ತು. ೧೯೭೬ರ ಕೆನಡಾ ಕಪ್ಪಿನಲ್ಲಿ ಆ ಕಾಲಿನಲ್ಲೇ ಆಡಿ ಸರಣಿಯ ಶ್ರೇಷ್ಠನೆನಿಸಿಕೊಂಡ. ೧೯೭೨ರಲ್ಲಿ ಕೈತಪ್ಪಿದ್ದನ್ನು ಹೇಗಾದರೂ ಪಡೆಯಲೇಬೇಕೆಂಬ ಛಲ. ದೀಪ ಆರುವ ಮೊದಲು ಒಮ್ಮೆ ಜಗ್ಗನೆ ಉರಿಯುವುದಿಲ್ಲವೆ, ಹಾಗೆ. ಅನಂತರ ಶಿಕಾಗೋ ತಂಡ ಸೇರಿ ಮೂರು ಋತುಗಳ ಅವಧಿಯಲ್ಲಿ ಆಡಿದ್ದು ೨೬ ಪಂದ್ಯ. ೧೯೭೮ರ ನವೆಂಬರಿನಲ್ಲಿ ಆಟಕ್ಕೆ ಕೈಮುಗಿದ. ಒಟ್ಟು ಆಡಿದ್ದು ೬೫೭ ಪಂದ್ಯ, ಗಳಿಸಿದ್ದು ೯೧೫ ಅಂಕ. ಎಡ ಮೊಣಕಾಲಿಗೆ ಆದ ಶಸ್ತ್ರಚಿಕಿತ್ಸೆಗಳು ಹನ್ನೆರಡಕ್ಕೂ ಹೆಚ್ಚು. ಮಾರನೆಯ ವರ್ಷ, ಸಾಮಾನ್ಯವಾಗಿ ಕಾಯಬೇಕಾದ ಅವಧಿಯನ್ನೂ ಬಿಟ್ಟು, ಅವನನ್ನು ಹಾಕಿಯ ಕೀರ್ತಿಮಂದಿರಕ್ಕೆ ಸೇರಿಸಿದರು. ಮೂವತ್ತೊಂದನೆಯ ವಯಸ್ಸಿನಲ್ಲಿ ಮನುಷ್ಯ ಸ್ಮಾರಕವಾಗುವುದು ಭಾಗ್ಯವೋ ಅಲ್ಲವೋ!

ಹಣದ ಮಾತನ್ನೂ ಹೇಳಿಬಿಡಬೇಕು. ಹದಿಹರೆಯದಿಂದ ಅವನ ವ್ಯವಹಾರ ನೋಡಿಕೊಂಡವನು ಆಲನ್ ಈಗಲ್‌ಸನ್ ಎಂಬ ವಕೀಲ. ಓರ್ ಆತನನ್ನು ಅಣ್ಣನಂತೆ ನಂಬಿದ್ದ. ಆಟ ಮುಗಿದಾಗ ಲೆಕ್ಕ ತೆಗೆದು ನೋಡಿದರೆ ಕೈಯಲ್ಲಿದ್ದುದಕ್ಕಿಂತ ಕೊಡಬೇಕಾದದ್ದೇ ಹೆಚ್ಚು. ಈಗಲ್‌ಸನ್ ೧೯೯೮ರಲ್ಲಿ ಆಟಗಾರರ ಸಂಘದ ವ್ಯವಹಾರಗಳಿಗೆ ಸಂಬಂಧಿಸಿದ ವಂಚನೆಯ ಆರೋಪಗಳಲ್ಲಿ ತಪ್ಪೊಪ್ಪಿಕೊಂಡು ಸೆರೆಮನೆಗೆ ಹೋದ. ಹುಡುಗನ ಕಾಲನ್ನು ನೋಡುವ ಕಣ್ಣು ನೂರು. ಅವನ ಕಾಲು ನಿಂತ ಮೇಲೆ ಅವನು ಹೇಗೆ ಬದುಕುತ್ತಾನೆಂದು ನೋಡುವ ಕಣ್ಣು ಅಪರೂಪ.

*

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಆ ಸಂಜೆ ಹುಡುಗನ ಮುಂದೆ ಹೇಳುತ್ತಿರಲಿಲ್ಲ. ಓರ್ ಮುಂದೆ ಕೈಗೊಂಡ ಉದ್ಯೋಗ ಯಾವುದೆಂದರೆ, ಎಳೆಯ ಆಟಗಾರರ ಪರವಾಗಿ ತಂಡಗಳೊಡನೆ ಮಾತಾಡುವುದು. ಅವನ ಸಂಸ್ಥೆ ನೋಡಿಕೊಂಡ ಹುಡುಗರಲ್ಲಿ ಕಾನರ್ ಮೆಕ್‌ಡೇವಿಡ್ ಒಬ್ಬ. ೧೯೯೭ರಲ್ಲಿ ಹುಟ್ಟಿದವನು. ಅವನ ಮೇಲೂ ಅದೇ ಆಸೆಯ ಮೂಟೆ. ಅವನಿಗಾಗಿ ಕಾದ ಎಡ್ಮಂಟನ್ ತಂಡವೂ ೨೦೦೬ರಿಂದ ಅಂತಿಮ ಹಂತದ ಮುಖ ಕಂಡಿರಲಿಲ್ಲ. ಆ ತಂಡ ಅವನನ್ನು ೨೦೧೫ರ ಜೂನಿನಲ್ಲಿ ಮೊದಲ ಆಯ್ಕೆಯಾಗಿ ತೆಗೆದುಕೊಂಡಿತು. ನವೆಂಬರಿನಲ್ಲಿ, ಹದಿಮೂರನೆಯ ಪಂದ್ಯದಲ್ಲಿ, ತಡೆಗೋಡೆಗೆ ಬಿದ್ದು ಎಡ ಕೊರಳೆಲುಬು ಮುರಿಯಿತು. ಹದಿನೆಂಟು ವರ್ಷ, ತಡೆಗೋಡೆ, ಮೊದಲ ಋತು. ನಲವತ್ತೊಂಬತ್ತು ವರ್ಷದ ಹಿಂದಿನ ನಾಟಕದ ಪ್ರತಿ ಎನ್ನಬೇಕು.

ಆದರೆ ಈ ಸಲ ಹುಡುಗ ಬಿಟ್ಟದ್ದು ಒಂಬತ್ತು ಪಂದ್ಯವಲ್ಲ, ೩೭. ಎಲುಬು ಕೂಡುವ ತನಕ, ಕೂಡಿದ ಮೇಲೆ ಬಲ ಬರುವ ತನಕ, ಮೂರು ತಿಂಗಳು. ತಂಡ ಆ ವರ್ಷ ಮೂವತ್ತರಲ್ಲಿ ಇಪ್ಪತ್ತೊಂಬತ್ತನೆಯದಾಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಮಾರನೆಯ ವರ್ಷ ಅವನೇ ನಾಯಕನಾಗಿ ತಂಡವನ್ನು ಅಂತಿಮ ಹಂತಕ್ಕೆ ಒಯ್ದ. ೨೦೧೯ರ ಏಪ್ರಿಲಿನಲ್ಲಿ ಗೋಲಿನ ಕಂಬಕ್ಕೆ ಬಡಿದು ಅವನ ಎಡ ಮೊಣಕಾಲಿನ ಹಿಂಬದಿಯ ಬಂಧಕ ಹರಿದುಹೋಯಿತು. ಓರ್‌ನ ಕಾಲದಲ್ಲಾಗಿದ್ದರೆ ಅಂದೇ ಚಾಕು ಹೊರಗೆ ಬರುತ್ತಿತ್ತು. ಮೆಕ್‌ಡೇವಿಡ್ ವೈದ್ಯರೊಡನೆ ಕುಳಿತು ಶಸ್ತ್ರಚಿಕಿತ್ಸೆಯ ಲಾಭನಷ್ಟಗಳನ್ನು ತೂಗಿ, ಅದನ್ನು ಬಿಟ್ಟು, ಬೇಸಿಗೆಯಿಡೀ ಒಂದೊಂದೇ ಹೆಜ್ಜೆಯ ಆರೈಕೆಯನ್ನು ಆರಿಸಿಕೊಂಡ. ಅಕ್ಟೋಬರಿನಲ್ಲಿ ಆಟಕ್ಕೆ ಮರಳಿದ.

ವೈದ್ಯವಿದ್ಯೆ ಬೆಳೆದಿದೆ, ನಿಜ. ಕಾಯುವ ವಿದ್ಯೆಯೂ 그ಷ್ಟೇ ಬೆಳೆಯಬೇಕಾಗಿತ್ತು, ಸ್ವಲ್ಪ ಬೆಳೆದಿದೆ.

*

ಇಷ್ಟು ಹೇಳಿ ನಿಲ್ಲಿಸಿದೆ. ಸ್ನೇಹಿತರು ಒಂದು ಕ್ಷಣ ಸುಮ್ಮನಿದ್ದು, “ಅದೆಲ್ಲ ಸರಿ ಮೇಷ್ಟ್ರೇ. ಅವರು ಕೋಟ್ಯಧೀಶರು, ಕಾಯಬಹುದು. ನಮಗೆ ಸೀಟು ಒಂದೇ ಸಲ ಬರುವುದು” ಎಂದರು. ಆ ಮಾತಿನಲ್ಲಿ ಸತ್ಯವಿತ್ತು. ಕಾಯುವುದಕ್ಕೂ ಕಾಸು ಬೇಕು. ಪ್ಯಾರಿ ಸೌಂಡಿನ ಗಾರೆ ಇಲ್ಲದ ಗೋಡೆ ನನ್ನ ಕಣ್ಣ ಮುಂದೆ ಬಂತು. ಉಪದೇಶ ಮಾಡುವ ಹಕ್ಕು ನನಗಿಲ್ಲವೆನಿಸಿತು. ಆಗ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ನನ್ನ ಸ್ವಂತ ಚರಿತ್ರೆಯ ಒಂದು ಹಾಳೆಯನ್ನು ತೆಗೆದೆ.

ನಲವತ್ತು ವರ್ಷದ ಹಿಂದಿನ ಮಾತು. ನಾನಾಗ ಒಂದು ಹೈಸ್ಕೂಲಿನಲ್ಲಿದ್ದೆ. ನಮ್ಮ ತಂಡ ಜಿಲ್ಲೆಯ ಅಂತಿಮ ಪಂದ್ಯಕ್ಕೆ ಬಂದಿತ್ತು. ನಮ್ಮಲ್ಲಿ ಎಲ್ಲರಿಗಿಂತ ಚುರುಕಾದ ಹುಡುಗನಿಗೆ ಮೊಣಕಾಲು ಊದಿಕೊಂಡಿತ್ತು. ಬೆಳಿಗ್ಗೆ ಅವನು ಬಂದು, “ಸಾರ್, ಕಾಲು ಮಡಿಸೋಕೆ ಆಗ್ತಿಲ್ಲ” ಎಂದ. ನಾನು ಬೈಯಲಿಲ್ಲ, ಹೊಡೆಯಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟು, “ನೀನಿಲ್ಲದೆ ಆಗೋದಿಲ್ಲಪ್ಪ” ಎಂದೆ. ಅಷ್ಟೇ. ಹದಿನೈದು ವರ್ಷದ ಹುಡುಗನಿಗೆ ಮೇಷ್ಟರು ಹಾಗೆಂದ ಮೇಲೆ ಇಲ್ಲವೆನ್ನುವ ಬಾಯಿ ಎಲ್ಲಿಂದ ಬರಬೇಕು? ಬಟ್ಟೆ ಬಿಗಿದುಕೊಂಡು ಆಡಿದ. ಒಂದು ಗೋಲಿನಿಂದ ಗೆದ್ದೆವು. ಷೀಲ್ಡು ಮುಖ್ಯೋಪಾಧ್ಯಾಯರ ಕೋಣೆಗೆ ಹೋಯಿತು. ಹುಡುಗ ಮತ್ತೆ ಯಾವತ್ತೂ ಓಡಲಿಲ್ಲ.

ಈಗ ಅವನು ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾನೆ. ಆ ಊರಿಗೆ ಹೋದಾಗಲೆಲ್ಲ ಅಂಗಡಿಯ ಮುಂದೆ ಹಾಯುತ್ತೇನೆ. ನನ್ನನ್ನು ಕಂಡ ಕೂಡಲೆ ಗಲ್ಲಾಪೆಟ್ಟಿಗೆಗೆ ಕೈಯೂರಿ, ಬಲಗಾಲಿನ ಮೇಲೆ ಭಾರ ಬಿಟ್ಟು, ಕಷ್ಟಪಟ್ಟು ಎದ್ದು ನಿಂತು ನಮಸ್ಕಾರ ಮಾಡುತ್ತಾನೆ. “ಕೂತ್ಕೋಪ್ಪ” ಎಂದರೂ ಕೇಳುವುದಿಲ್ಲ. ಒಂದು ದಿನವೂ ನನ್ನನ್ನು ದೂರಿದವನಲ್ಲ. ದೂರಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲವೇನೋ.

“ಧೈರ್ಯ ಹೇಳು ಅಂದಿರಿ. ಅವತ್ತು ನಾನು ಹೇಳಿದ್ದೂ ಧೈರ್ಯವೇ” ಎಂದೆ ಸ್ನೇಹಿತರಿಗೆ.

ಅವರು ಉತ್ತರ ಕೊಡಲಿಲ್ಲ. ಮಗನ ಕಡೆಗೆ ತಿರುಗಿದರು. ನನಗನಿಸಿದ ಮಟ್ಟಿಗೆ, ಆ ಸಂಜೆ ಮೊದಲ ಬಾರಿಗೆ ಅವರು ಮಗನ ಪಟ್ಟಿ ಕಟ್ಟಿದ ಕಾಲನ್ನು ಬಿಟ್ಟು ಅವನ ಮುಖವನ್ನು ನೋಡಿದರು. “ನೀನು ಏನಂತೀಯೋ?” ಎಂದರು. ಯಾರೂ ಅವನನ್ನು ಅದುವರೆಗೆ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಹುಡುಗ ಬಹಳ ಹೊತ್ತಿನ ಮೇಲೆ, “ನೋವಾಗುತ್ತಪ್ಪ. ಆಡಬೇಕು ಅಂತಾನೂ ಆಸೆ ಇದೆ. ಆದರೆ ಈಗ ನೋವಾಗುತ್ತೆ” ಎಂದ. ವೈದ್ಯರ ಕಾಗದಕ್ಕಿಂತ ಸ್ಪಷ್ಟವಾಗಿತ್ತು ಆ ಮಾತು.

ಅವನು ಶಿಬಿರಕ್ಕೆ ಹೋಗಲಿಲ್ಲ. ಸೀಟು ಬೇರೆಯವರಿಗೆ ಹೋಯಿತು. ಅಂಕಗಳ ಆಧಾರದ ಮೇಲೆ ಇನ್ನೊಂದು ಕಾಲೇಜಿನಲ್ಲಿ, ಅವನು ಬಯಸಿದ್ದಕ್ಕಿಂತ ಸಣ್ಣದರಲ್ಲಿ, ಸೇರಿದ್ದಾನೆ. ತಂದೆಗೆ ಅದರ ಕೊರಗು ಹೋಗಿಲ್ಲ. ಹೋಗಬೇಕೆಂದು ನಾನು ಒತ್ತಾಯಿಸುವವನೂ ಅಲ್ಲ. ಈಗ ಕಾರ್ತಿಕ ಮಾಸ. ಹುಡುಗ ಸಂಜೆಯ ಹೊತ್ತು ವಾಯುಸಂಚಾರಕ್ಕೆ ಹೊರಟವನು ಒಮ್ಮೊಮ್ಮೆ ನಮ್ಮ ಮನೆಗೆ ಬರುತ್ತಾನೆ. ಯಾವಾಗ ಆಡುತ್ತೀಯೆಂದು ನಾನು ಕೇಳುವುದಿಲ್ಲ. ಇವತ್ತು ಎಷ್ಟು ದೂರ ನಡೆದೆ ಎಂದು ಮಾತ್ರ ಕೇಳುತ್ತೇನೆ. ನಿನ್ನೆ ಕೆರೆಯ ಏರಿಯ ತನಕ ಹೋಗಿ ಬಂದನಂತೆ. ನಮ್ಮ ಮನೆಯ ಮೂರು ಮೆಟ್ಟಿಲುಗಳನ್ನು ಗೋಡೆ ಹಿಡಿಯದೆ ಹತ್ತಿ ಬಂದು ಹೇಳಿದ.